ಇಲ್ಲದ ಜಗುಲಿಯ ಮೇಲೆ

ಕಳೆದ ವರ್ಷ ಆಷಾಢದ ಒಂದು ಶನಿವಾರ ಬೆಳಿಗ್ಗೆ, ಪುಟ್ಟೇನಹಳ್ಳಿಯ ನಮ್ಮ ಬಾಡಿಗೆ ಮನೆಯ ಮಾಲೀಕರಾದ ನಂಜುಂಡಪ್ಪನವರು ಅಲ್ಲಿ ಇಲ್ಲದ ಜಗುಲಿಯ ಮೇಲೆ ಕೂರಲು ಹೋಗಿ ಬಿದ್ದರು.

ಅವರ ಮನೆಯ ಮಹಡಿಯಲ್ಲಿ ನಾನೂ ಗೆಳತಿ ದಿವ್ಯಾಳೂ ಒಂದು ವರ್ಚುವಲ್ ರಿಯಾಲಿಟಿ ಆಟ ತಯಾರಿಸುತ್ತಿದ್ದೆವು. ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡವರು ಒಂದು ಹೆಂಚಿನ ಮನೆಯ ಮುಂದೆ ನಿಂತಿರುತ್ತಾರೆ. ಸುತ್ತ ಯಾರೂ ಇಲ್ಲ, ಏನು ಮಾಡಬೇಕೆಂದು ಹೇಳುವವರೂ ಇಲ್ಲ. ಬಾಗಿಲು ತೆರೆದರೆ ಹಲವು ಕೋಣೆಗಳು, ಒಂದೊಂದರಲ್ಲೂ ಒಂದೊಂದು ಬದುಕು. ಒಂದನ್ನು ಆರಿಸಿಕೊಂಡರೆ ಉಳಿದವು ಮುಚ್ಚಿಹೋಗುತ್ತವೆ. ಬದುಕಿನ ಅರ್ಥವನ್ನು ಮನುಷ್ಯ ಒಬ್ಬನೇ ನಿಂತು ಆರಿಸಿಕೊಳ್ಳಬೇಕು ಎಂಬುದು ಆಟದ ತಿರುಳು.

ನಂಜುಂಡಪ್ಪನವರು ಈ ಬಡಾವಣೆ ಹೊಲವಾಗಿದ್ದಾಗ ಇಲ್ಲಿ ರಾಗಿ ಬೆಳೆದವರು. ಸೊಂಟದ ಆಪರೇಷನ್ ಆಗಿ, ಆಗಷ್ಟೇ ಊರುಗೋಲು ಬಿಟ್ಟಿದ್ದರು.

"ದಿನಾ ಕಣ್ಣು ಕಟ್ಕೊಂಡು ಗಾಳಿ ತಡವ್ತೀರಲ್ಲಮ್ಮ, ನಂಗೂ ಒಂಚೂರು ತೋರ್ಸಿ" ಎಂದರು.

ಅವರ ಪತ್ನಿ ಲಲಿತಮ್ಮ, "ಇನ್ನೊಂದ್ಸಲ ಬಿದ್ರೆ ಆ ಸೊಂಟ ತಡೆಯಲ್ಲ ಅಂದಿದಾರೆ ಡಾಕ್ಟ್ರು. ಆಮೇಲೆ ನಾನು ಎತ್ತಾಡಕ್ಕಾಗಲ್ಲ" ಎಂದು ಎಚ್ಚರಿಸಿಯೇ ಮೇಲೆ ಕಳಿಸಿದರು.

ಹೆಡ್‌ಸೆಟ್ ಹಾಕಿಕೊಂಡ ನಂಜುಂಡಪ್ಪನವರು ಬಾಗಿಲು ಮುಟ್ಟಲಿಲ್ಲ. "ಮನೇಲ್ ಯಾರಿದ್ದೀರಿ?" ಎಂದು ಕೂಗಿದರು.

"ಅಂಕಲ್, ಬಾಗಿಲು ತಳ್ಳಿ ಒಳಗೆ ಹೋಗಿ" ಎಂದೆ.

"ಯಾರ್ ಮನೇನೋ ಏನೋ. ಕರೀದೆ ಹೆಂಗಮ್ಮ ನುಗ್ಗೋದು? ಬರ್ತಾರೆ ತಡಿ" ಎಂದವರೇ ಪಂಚೆ ಸರಿಮಾಡಿಕೊಂಡು ಜಗುಲಿಯ ಮೇಲೆ ಕೂತರು.

ಜಗುಲಿ ಇದ್ದದ್ದು ಆಟದೊಳಗೆ ಮಾತ್ರ. ದಿವ್ಯಾ ಮೊಣಕಾಲೂರಿ ಅವರ ಹಿಂದಕ್ಕೆ ನುಗ್ಗಿದಳು. ಅವರು ಅವಳ ಮಡಿಲಿಗೇ ಬಿದ್ದರು. ಅವಳ ಮಣಿಕಟ್ಟು ನೆಲಕ್ಕೆ ಬಡಿಯಿತು.

ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ನಂಜುಂಡಪ್ಪನವರು ಕೇಳಿದರು: "ಆ ಮನೆಯವ್ರು ಕೊನೆಗೂ ಬರ್ಲೇ ಇಲ್ವಾ?"

"ಅಲ್ಲಿ ಯಾರೂ ಇಲ್ಲ ಅಂಕಲ್. ನಾವು ಯಾರನ್ನೂ ಇಟ್ಟಿಲ್ಲ" ಎಂದೆ.

"ಇಟ್ಬಿಡ್ರಮ್ಮ ಯಾರ್ನಾದ್ರೂ" ಎಂದರು.

ಎಕ್ಸ್‌ರೇಯಲ್ಲಿ ಅವರ ಸೊಂಟಕ್ಕೆ ಏನೂ ಆಗಿರಲಿಲ್ಲ. ದಿವ್ಯಾಳ ಮಣಿಕಟ್ಟಿನಲ್ಲಿ ಸಣ್ಣ ಬಿರುಕು ಇತ್ತು. ಪ್ಲಾಸ್ಟರ್ ಬಿಚ್ಚುವವರೆಗೂ ಲಲಿತಮ್ಮನವರೇ ಅವಳಿಗೆ ಜಡೆ ಹೆಣೆದರು.

ಆಟದ ಜಗುಲಿ ಇರುವ ಜಾಗಕ್ಕೆ ಸರಿಯಾಗಿ ಈಗ ಕೋಣೆಯಲ್ಲಿ ಮರದ ಬೆಂಚು ಹಾಕಿದ್ದೇವೆ. ಅದರ ಮೇಲೆ ಕೂತು ಸ್ವಲ್ಪ ಹೊತ್ತು ಕಾದರೆ ಮನೆಯೊಳಗಿನಿಂದ "ಯಾರದು? ಬನ್ನಿ ಒಳಗೆ" ಎಂಬ ಧ್ವನಿ ಬರುತ್ತದೆ. ನೇರವಾಗಿ ಬಾಗಿಲು ತಳ್ಳುವವರಿಗೆ ಅದು ಕೇಳುವುದಿಲ್ಲ. ಧ್ವನಿ ನಂಜುಂಡಪ್ಪನವರದು. ಇದುವರೆಗೆ ಆಡಿದವರಲ್ಲಿ ಅದನ್ನು ಕೇಳಿಸಿಕೊಂಡವರು ಲಲಿತಮ್ಮ ಒಬ್ಬರೇ.