ಸೂರತ್ತಿನ ಕುರ್ಚಿಗೊಂದು ತೊಗಲು

ಅವ್ವ ಅಹಮದಾಬಾದಿಗೆ ಬಂದದ್ದು ಕಣ್ಣಿನ ಪೊರೆ ತೆಗೆಸಿಕೊಳ್ಳಲು. ಅಥಣಿ ಕಡೆಯ ನಮ್ಮೂರಿನಿಂದ ಅವಳನ್ನು ಕರೆತರಲು ನಾನೇ ಹೋಗಿದ್ದೆ. ರೈಲಿನಲ್ಲಿ ದಾರಿಯುದ್ದಕ್ಕೂ ಅವಳದು ಒಂದೇ ಮಾತು: "ಕಣ್ಣು ಬಂದ್ರ ಮತ್ತ ವೇಣಿ ಹೆಣೀತೀನಿ ನೋಡು." ವೇಣಿ ಎಂದರೆ ನಮ್ಮ ಚಪ್ಪಲಿಗಳ ಮೇಲೆ ಜಡೆಯಂತೆ ಹೆಣೆಯುವ ತೊಗಲಿನ ಪಟ್ಟಿ. ನಮ್ಮ ಓಣಿಯಲ್ಲಿ ಗಂಡಸರು ತೊಗಲು ಕತ್ತರಿಸಿ ಅಡಿಯ ಅಟ್ಟೆ ಕೂಡಿಸಿದರೆ, ಹೆಂಗಸರು ಹೊಲಿದು ವೇಣಿ ಹೆಣೆಯುತ್ತಿದ್ದರು. ನಾನೂ ಶಾಲೆಯಿಂದ ಬಂದು ಅದನ್ನೇ ಮಾಡಿ ಬೆಳೆದವಳು.

ಮದುವೆಯಾದ ಮೇಲೆ ಗಂಡನ ವಿಮಾ ಕಚೇರಿಯ ನೌಕರಿ ನನ್ನನ್ನು ಮೊದಲು ವಡೋದರಾಕ್ಕೆ ತಂದಿತು. ಫತೇಗಂಜ್‌ನಲ್ಲಿ ನಮ್ಮ ಬಾಡಿಗೆ ಮನೆಯ ಸುತ್ತ ಹಾಸ್ಟೆಲುಗಳೇ. ಪಕ್ಕದ ಹಾಸ್ಟೆಲಿನ ಹುಡುಗಿಯ ಚೀಲದ ಪಟ್ಟಿ ಹರಿದಾಗ ಹೊಲಿದುಕೊಟ್ಟೆ. ಅದನ್ನು ನೋಡಿ ಇನ್ನೊಬ್ಬಳು ಬಂದಳು. ನೋಡುತ್ತ ನೋಡುತ್ತ ನಾನೇ ಚೀಲ ಮಾಡತೊಡಗಿದೆ. ಅಹಮದಾಬಾದಿಗೆ ವರ್ಗವಾಗಿ ಬೋಡಕ್‌ದೇವ್‌ನ ಫ್ಲ್ಯಾಟಿಗೆ ಬಂದಾಗ ಎದುರು ಮನೆಯ ಗುಜರಾತಿ ಗೆಳತಿ ಜೊತೆಯಾದಳು. ಅವಳು ಚೀಲಗಳ ನಕ್ಷೆ ಬರೆಯುತ್ತಾಳೆ, ಗಿರಾಕಿಗಳನ್ನು ಹುಡುಕುತ್ತಾಳೆ. ನಾನು ತೊಗಲು ಆರಿಸಿ ಕತ್ತರಿಸುತ್ತೇನೆ. ಅವಳ ಅತ್ತೆ ಚರ್ಮವನ್ನು ಹೊಸ್ತಿಲು ದಾಟಿಸಲು ಬಿಡಲಿಲ್ಲ, ನಮ್ಮ ಫ್ಲ್ಯಾಟ್ ಸೊಸೈಟಿಯವರಿಗೂ ಅದರ ವಾಸನೆ ಸೇರಲಿಲ್ಲ. ಹಾಗಾಗಿ ನರೋಡಾದಲ್ಲಿ ಒಂದು ಶೆಡ್ಡು ಹಿಡಿದೆವು. ಅಲ್ಲಿನ ಕೆಮಿಕಲ್ ಕಾರ್ಖಾನೆಗಳ ಗಾಳಿಯಲ್ಲಿ ನಮ್ಮ ತೊಗಲಿನ ವಾಸನೆ ಯಾರಿಗೂ ತಿಳಿಯುವುದಿಲ್ಲ.

ಒಳ್ಳೆಯ ತೊಗಲು ಸಿಗುವುದು ಸುಲಭವಲ್ಲ. ನಾವು ಕೊಳ್ಳುವುದು ಎಮ್ಮೆಯದು, ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡಿದ್ದು. ಹಸುವಿನದಲ್ಲ, ಎಮ್ಮೆಯದೇ ಎಂಬ ಕಾಗದ ಟೆಂಪೋ ಚಾಲಕನ ಕಿಸೆಯಲ್ಲಿ ಇರಲೇಬೇಕು. ಇಲ್ಲಿ ಅದನ್ನು ಯಾರೂ ಮರೆಯುವುದಿಲ್ಲ. ವ್ಯಾಪಾರಿಯ ಗೋದಾಮಿನಲ್ಲಿ ಒಂದೊಂದೇ ತೊಗಲನ್ನು ಮೇಜಿನ ಮೇಲೆ ಹರವಿ, ಬಾಗಿಲ ಬೆಳಕಿಗೆ ಓರೆಯಾಗಿ ಎತ್ತಿ ನೋಡುತ್ತೇನೆ. ಕುತ್ತಿಗೆಯಿಂದ ಬಾಲದವರೆಗೆ ಅಂಗೈ ಆಡಿಸುತ್ತೇನೆ. ಉಣ್ಣಿ ಕಚ್ಚಿದ ಸಣ್ಣ ತೂತುಗಳು ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತವೆ. ಮುಳ್ಳು ಗೀರಿದ ಗೆರೆ, ಇನ್ನೊಂದು ಎಮ್ಮೆಯ ಕೊಂಬು ತಾಗಿದ ಕಲೆ, ಕುತ್ತಿಗೆಯ ಸುಕ್ಕು, ಹೊಟ್ಟೆಯ ಕಡೆಯ ಸಡಿಲು. ತಿರುವಿ ಹಾಕಿದರೆ ಸುಲಿಯುವಾಗ ಕತ್ತಿ ಆಳಕ್ಕಿಳಿದ ಜಾಗ. ಕಲೆಯೇ ಇಲ್ಲದ್ದು ಬೇಕೆಂದು ಮೊದಮೊದಲು ನಾನು ಹಟ ಹಿಡಿದಾಗ ಎಲ್ಲ ಹೆಂಗಸರನ್ನೂ ಬೆನ್, ಅಂದರೆ ಅಕ್ಕ, ಎನ್ನುವ ವ್ಯಾಪಾರಿ ನಕ್ಕಿದ್ದ. "ಬೆನ್, ಬೇಲಿ ನುಗ್ಗದ ಎಮ್ಮೆ ನೀವು ನೋಡಿದ್ದೀರಾ? ಕಲೆ ಇಲ್ಲದ್ದು ಬೇಕಾದರೆ ಉಜ್ಜಿ ಬಣ್ಣ ಬಳಿದದ್ದು ಕೊಡುತ್ತೇನೆ, ತಗೊಳ್ಳಿ."

ಬಣ್ಣ ಬಳಿದದ್ದು ನಮ್ಮ ಗಿರಾಕಿಯಾದ ಸೂರತ್ತಿನ ಹಿರಿಯರೊಬ್ಬರಿಗೆ ಬೇಡವಾಗಿತ್ತು. ಅವರು ಒಬ್ಬರೇ ಇದ್ದ ಪಾರ್ಸಿ ಹೆಂಗಸು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರ ತಂದೆಯ ಕಾಲದ ತೇಗದ ಆರಾಮಕುರ್ಚಿಯೊಂದಿತ್ತು. ಮೇಲಿನ ಅಡ್ಡಕೋಲಿನಿಂದ ಮುಂದಿನ ಅಡ್ಡಕೋಲಿಗೆ ಜೋಲಿಯಂತೆ ಇಳಿಬಿಟ್ಟ ಒಂದೇ ತುಂಡು ತೊಗಲು. ಅದರಲ್ಲೇ ಒರಗಿ ಕೂರಬೇಕು. ಹಳೆಯದು ಹರಿದುಹೋಗಿತ್ತು. ಗೆಳತಿಗೆ ಫೋನಿನಲ್ಲಿ ಅವರು ಹೇಳಿದ್ದರು: "ರೆಕ್ಸಿನ್‌ನಂತೆ ಕಾಣುವುದು ಕೊಡಬೇಡಿ. ಅಪ್ಪನ ತೊಡೆಯ ಮೇಲೆ ಕೂತು ಆ ತೊಗಲಿನ ಒಂದು ಗಾಯದ ಗುರುತಿನ ಮೇಲೆ ಬೆರಳಾಡಿಸುತ್ತಿದ್ದೆ. ಅಂಥದೇ ಸಿಕ್ಕರೆ ಒಳ್ಳೆಯದು."

ಹುಡುಕಿದೆವು. ದೊಡ್ಡದಾಗಿರಬೇಕು, ಬೆನ್ನಿನ ಭಾಗ ಗಟ್ಟಿ ಇರಬೇಕು, ಒಂದೇ ದಪ್ಪ ಇರಬೇಕು. ವ್ಯಾಪಾರಿಯ ಹೊಸ ಲಾಟಿನಲ್ಲಿ ಕೊನೆಗೂ ಒಂದು ಬಂತು. ಜೇನಿನ ಬಣ್ಣ. ನಡುಬೆನ್ನಿನಿಂದ ಪಕ್ಕೆಗೆ ಇಳಿಯುವ ಉದ್ದನೆಯ ಒಂದು ಗುರುತು, ಯಾವತ್ತೋ ಆಗಿ ಮಾಯ್ದ ಗಾಯದ್ದು. ಗೆಳತಿ ಅದರ ಫೋಟೋ ತೆಗೆದು ಸೂರತ್ತಿಗೆ ಕಳಿಸಿದಳು. "ಇದೇ," ಎಂದು ತಕ್ಷಣ ಉತ್ತರ ಬಂತು. ನಾವಿಬ್ಬರೂ ಆ ದಿನ ದಾರಿಯಲ್ಲಿ ಗಾಡಿ ನಿಲ್ಲಿಸಿ ಕಡಲೆಹಿಟ್ಟಿನ ಫಾಫಡಾ ತಿಂದು ಸಂಭ್ರಮಪಟ್ಟೆವು.

ಇದೇ ಹೊತ್ತಿಗೆ ಅವ್ವನ ಕಣ್ಣು ಚೊಕ್ಕಟವಾಗಿತ್ತು. ಹನಿ ಹಾಕುವ ದಿನಗಳು ಮುಗಿದ ಮೇಲೆ ಮನೆಯಲ್ಲಿ ಅವಳಿಗೆ ಹೊತ್ತು ಹೋಗದಾಯಿತು. ನಮ್ಮ ಜೊತೆ ಶೆಡ್ಡಿಗೆ ಬರತೊಡಗಿದಳು. ಗೆಳತಿ ಅವಳನ್ನು ಗುಜರಾತಿ ರೂಢಿಯಂತೆ "ಬಾ" ಎಂದು ಕರೆಯುತ್ತಿದ್ದಳು. ಬಾ ಎಂದರೆ ಅವರಲ್ಲಿ ತಾಯಿ. ಅವ್ವ ಪ್ರತಿಸಲ ಎದ್ದು ಅವಳ ಬಳಿ ಹೋಗಿ ನಿಲ್ಲುವಳು. "ಈಕಿ ಯಾಕ ದಿನಾ ಬಾ ಬಾ ಅಂತ ಕರೀತಾಳ, ಹ್ವಾದ್ರ ಏನೂ ಹೇಳೂದುಲ್ಲ?" ಎಂದು ನನ್ನನ್ನು ಕೇಳಿದಾಗ ನಾನು ನಕ್ಕು ಅರ್ಥ ಹೇಳಿದೆ. ಅವ್ವ ಕ್ಷಣ ಯೋಚಿಸಿ, "ಚಲೋ ಐತಿ ಬಿಡು, ಕರದಂಗೂ ಆತು, ಅವ್ವಾ ಅಂದಂಗೂ ಆತು" ಎಂದಳು.

ಒಂದು ಬೆಳಗ್ಗೆ ನಾನೂ ಗೆಳತಿಯೂ ದಾರ, ಬಕಲ್ಲು ತರಲು ಪೇಟೆಗೆ ಹೋಗಬೇಕಾಯಿತು. ಅವ್ವನನ್ನು ಶೆಡ್ಡಿನಲ್ಲಿ ಬಿಟ್ಟು ಹೋದೆವು. ಬರುವ ಹೊತ್ತಿಗೆ ಅವಳು ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ನನ್ನ ರಂಪಿಗೆ, ತೊಗಲು ಕೊಯ್ಯುವ ಅಗಲ ಬಾಯಿಯ ಕತ್ತಿ. ಮುಂದೆ ಜೇನುಬಣ್ಣದ ಆ ತೊಗಲು. ಗಾಯದ ಗುರುತನ್ನು ಉದ್ದಕ್ಕೂ ಪಟ್ಟಿಯಾಗಿ ಕೊಯ್ದು ತೆಗೆದು, ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಪಕ್ಕಕ್ಕಿಟ್ಟಿದ್ದಳು. ಉಳಿದದ್ದು ಎರಡು ಭಾಗವಾಗಿ ಬಿದ್ದಿತ್ತು.

"ಅವ್ವಾ, ಏನ್ ಮಾಡೀದಿ?" ನನ್ನ ದನಿ ನನಗೇ ಅಪರಿಚಿತವಾಗಿತ್ತು.

"ಯಾಕ? ಇಷ್ಟುದ್ದ ಕಲೆ ಇತ್ತು, ನಿನ್ನ ಕಣ್ಣಿಗೆ ಬಿದ್ದಿಲ್ಲಂತ ತಗದೆ. ಈಗ ನೋಡು, ಎರಡೂ ಕಡೆ ಹೆಂಗ ಚೊಕ್ಕ ಆಗೇತಿ."

ಗೆಳತಿ ಕೈಯಲ್ಲಿದ್ದ ಪೊಟ್ಟಣ ಕೆಳಗಿಟ್ಟು ಬಾಗಿಲಾಚೆ ಹೋಗಿ ನಿಂತಳು. ಅವ್ವ ನನ್ನ ಮುಖ ನೋಡಿದಳು, ಅವಳ ಬೆನ್ನು ನೋಡಿದಳು. ಏನೋ ಕೆಟ್ಟಿದೆ ಎಂದು ತಿಳಿಯಿತು. ನಾನು ವಿಷಯ ಹೇಳಿದೆ. ಆ ಗುರುತು ಇದೆಯೆಂದೇ ಒಬ್ಬರು ಅದನ್ನು ಬಯಸಿದ್ದರು ಎಂಬುದು ಅವ್ವನ ತಲೆಗೆ ಹೋಗಲೇ ಇಲ್ಲ. "ಕಲೆ ಬೇಕಂತ ಯಾರರ ಕೇಳ್ತಾರೇನ? ಅಲ್ಲೇ ಹರೀತಿತ್ತು ಅದು. ಗಾಯದ ತೊಗಲು ಜೀವ ಹಿಡಿಯೂದುಲ್ಲ."

ಹೊರಗಿನಿಂದ ಬಂದ ಗೆಳತಿ ಇದನ್ನು ನನ್ನಿಂದ ಕೇಳಿ, ಕೊಯ್ದ ಪಟ್ಟಿಯನ್ನು ಛಾವಣಿಯ ಕೊಂಡಿಗೆ ಬಿಗಿದು ಅದಕ್ಕೆ ಅಂಟಿನ ಡಬ್ಬಗಳನ್ನೂ ತೊಗಲು ಬಡಿಯುವ ಎರಕದ ಕಬ್ಬಿಣದ ಗಟ್ಟಿಯನ್ನೂ ತೂಗುಹಾಕಿದಳು. ಪಟ್ಟಿ ತುಸು ಎಳೆದುಕೊಂಡು ಹಾಗೇ ನಿಂತಿತು. ನಾವು ಊಟ ಮಾಡಿ ಬಂದೆವು, ಆಗಲೂ ಹರಿದಿರಲಿಲ್ಲ. ಅವ್ವ ಅದರ ಕೆಳಗೆ ನಿಂತು ಕತ್ತೆತ್ತಿ ನೋಡಿ, "ಹರೀಲಿಲ್ಲ. ಖರೆ," ಎಂದಳು. ಪಟ್ಟಿಯನ್ನು ಬೆರಳಿನಿಂದ ತಟ್ಟಿ, "ಆದರೂ ಮ್ಯಾಲ ಹಾಕುವಂಥಾದ್ದಲ್ಲ," ಎಂದಳು.

ಸೂರತ್ತಿಗೆ ಫೋನು ಮಾಡಿದವಳು ಗೆಳತಿ. ಸುಳ್ಳು ಹೇಳುವುದು ಬೇಡವೆಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಎಲ್ಲ ಕೇಳಿ ಅವರು ಹೇಳಿದ್ದು ಇಷ್ಟು: "ಪಟ್ಟಿಯನ್ನೂ ಉಳಿದದ್ದನ್ನೂ ತನ್ನಿ. ಆ ತಾಯಿಯನ್ನೂ ಕರೆದುಕೊಂಡು ಬನ್ನಿ."

ಅವ್ವ ಬರಲು ಒಪ್ಪಲಿಲ್ಲ. ಬೈಸಿಕೊಳ್ಳಲು ರೈಲು ಹತ್ತಿ ಯಾಕೆ ಹೋಗಬೇಕೆಂಬುದು ಅವಳ ವಾದ. ಕೊನೆಗೆ ಗೆಳತಿಯೇ ಅವಳ ಕೈ ಹಿಡಿದು "ಬಾ, ಬಾ" ಎಂದಳು. ಈ ಸಲ ಅದು ಗುಜರಾತಿಯೋ ಕನ್ನಡವೋ ನನಗೂ ತಿಳಿಯಲಿಲ್ಲ. ಅವ್ವ ಎದ್ದು ಸೆರಗು ಸರಿಮಾಡಿಕೊಂಡಳು.

ಸೂರತ್ತಿನ ಆ ಮನೆ ಹಳೆಯದು, ಎತ್ತರದ ಛಾವಣಿ, ತಂಪು ನೆಲ. ಬಾಗಿಲ ಮುಂದೆ ಸುಣ್ಣದ ಪುಡಿಯ ರಂಗೋಲಿ ಕಂಡು ಅವ್ವನಿಗೆ ಅರ್ಧ ಧೈರ್ಯ ಬಂತು. ಬರಿಯ ಚೌಕಟ್ಟಾಗಿ ನಿಂತ ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ಹಿರಿಯರು ನಮಗೆ ಪುದೀನ ಹಾಕಿದ ಚಹಾ ಕೊಟ್ಟರು. ಕೊಯ್ದ ತೊಗಲನ್ನು ಮಂಚದ ಮೇಲೆ ಹರವಿಸಿ ಗುರುತಿನ ಪಟ್ಟಿಯ ಮೇಲೆ ಮೆಲ್ಲಗೆ ಬೆರಳಾಡಿಸಿದರು. ನಂತರ ನನ್ನತ್ತ ತಿರುಗಿ ಗುಜರಾತಿಯಲ್ಲಿ ಕೇಳಿದರು: "ದಿಕ್ರಿ, ಮಗಳೇ, ಇವರನ್ನು ಕೇಳು, ಯಾಕೆ ಕತ್ತರಿಸಿದರು? ಸಿಟ್ಟಿನಿಂದ ಕೇಳುತ್ತಿಲ್ಲ, ತಿಳಿಯಬೇಕೆಂದು ಕೇಳುತ್ತಿದ್ದೇನೆ."

ನಾನು ಅವ್ವನಿಗೆ ಹೇಳಿದೆ. ಹರಿಯುತ್ತದೆ ಎಂಬ ಹಳೆಯ ಮಾತನ್ನೇ ಹೇಳುತ್ತಾಳೆಂದುಕೊಂಡಿದ್ದೆ. ಅವಳು ಚಹಾದ ಲೋಟವನ್ನು ನೆಲದ ಮೇಲಿಟ್ಟಳು.

"ನಾ ಲಗ್ನಾಗಿ ಬಂದ ಹೊಸದಾಗಿತ್ತು," ಎಂದಳು. "ನಿಮ್ಮಪ್ಪ ಕೊಯ್ದು ಕೂಡಿಸಿದ ಜೋಡು, ನಾ ಹೆಣೆದ ವೇಣಿ. ಇಬ್ರೂ ಹೊತ್ಕೊಂಡು ಪ್ಯಾಟಿಗೆ ಹೋಗಿದ್ವಿ. ಸಾವಕಾರ ಒಂದ ಚಪ್ಪಲಿ ಎರಡ ಬೆರಳಿನ್ಯಾಗ ಎತ್ತಿ ಬೆಳಕಿಗೆ ಹಿಡದ. ಪಟ್ಟಿ ಮ್ಯಾಲ ಉಣ್ಣಿ ಕಚ್ಚಿದ್ದು ಸಣ್ಣ ಕಲೆ ಇತ್ತು. 'ಏನೋ, ನಿಮ್ಮ ಮಂದಿ ಮೈ ಮ್ಯಾಲಿನ ತೊಗಲ ಸುಲದು ಮಾಡೀರೇನು?' ಅಂದ. ಅಂಗಡ್ಯಾಗ ಕುಂತವರೆಲ್ಲಾ ನಕ್ಕರು."

ಇಷ್ಟನ್ನು ನಾನು ಗುಜರಾತಿಗೆ ತಂದೆ. ಈ ಮಾತನ್ನು ನಾನು ಅದೇ ಮೊದಲ ಸಲ ಕೇಳುತ್ತಿದ್ದೆ. ಒಂದೇ ಮನೆಯಲ್ಲಿ ಬೆಳೆದು, ಒಂದೇ ಚಾಪೆಯ ಮೇಲೆ ಕೂತು ವೇಣಿ ಹೆಣೆದು, ಇದು ನನಗೆ ಗೊತ್ತಿರಲಿಲ್ಲ.

ಅವ್ವ ಮುಂದುವರಿಸಿದಳು. "ಮಂದಿ ನಕ್ಕಿದ್ದು ತಡಕೊಂಡೆ. ನಿಮ್ಮಪ್ಪನೂ ನಕ್ಕ. ಸಾವಕಾರನ ಮುಂದ ನಗಲಾರದ ನಿಂದ್ರಾಕ ಬರ್ತಿರಲಿಲ್ಲ, ಅದಕ್ಕ ನಕ್ಕ. ಅದು ತಡಕೊಳ್ಳಾಕ ಆಗಲಿಲ್ಲ ನನಗ. ಅವತ್ತಿಂದ ನಮ್ಮ ಮನ್ಯಾಗಿನ ಕಲೆ ತೊಗಲು ಒಂದೂ ಮ್ಯಾಲ ಹೋಗಿಲ್ಲ. ಎಲ್ಲಾ ಅಟ್ಟಿ ಒಳಗ ಹೊಲದು ಮುಚ್ಚೀನಿ."

ಅಪ್ಪ ನಕ್ಕ ಎಂಬಲ್ಲಿ ನಾನು ನಿಂತುಬಿಟ್ಟೆ. ಗುಜರಾತಿಯಲ್ಲಿ ನಗುವಿಗೆ ಶಬ್ದ ಇಲ್ಲವೆಂದಲ್ಲ; ನನ್ನ ಬಾಯಿಗೆ ಬರಲಿಲ್ಲ. ಅಪ್ಪ ನನ್ನ ನೆನಪಿನಲ್ಲಿ ನಗುವ ಮನುಷ್ಯನೇ. ಯಾರೇ ಮನೆಗೆ ಬಂದರೂ ಮೊದಲು ನಗುತ್ತಿದ್ದ. ಅದನ್ನು ನಾನು ಅವನ ಸ್ವಭಾವವೆಂದೇ ತಿಳಿದಿದ್ದೆ. ಗೆಳತಿ ನನ್ನ ಭುಜ ಮುಟ್ಟಿದಳು. ಹಿರಿಯರು ಕಾಯುತ್ತಿದ್ದರು. ಹೇಗೋ ಹೇಳಿ ಮುಗಿಸಿದೆ.

ಅವರು ಕೇಳಿದರು: "ಆ ದಿನ ಇವರು ಏನು ಮಾಡಿದರು?"

"ಏನ್ ಮಾಡ್ಲಿ? ಮನಿಗೆ ಬಂದು ರೊಟ್ಟಿ ಬಡದೆ," ಎಂದಳು ಅವ್ವ.

ಹಿರಿಯರು ಎದ್ದು ಬಂದು ಅವ್ವನ ಪಕ್ಕದಲ್ಲಿ ಕೂತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆಮೇಲೆ ಹಿರಿಯರು ತಮ್ಮ ಪಾದ ಮುಂದೆ ಚಾಚಿ, ತಮಗೆ ಉಳಿದ ತೊಗಲಿನಲ್ಲಿ ಒಂದು ಜೊತೆ ಚಪ್ಪಲಿ ಮಾಡಿಕೊಡಬೇಕು, ಮೇಲಿನ ಪಟ್ಟಿಗೆ ಆ ಗುರುತಿನ ಭಾಗವನ್ನೇ ಹಾಕಬೇಕು ಎಂದರು. ಅವ್ವ ಅವರ ಪಾದದ ಅಳತೆಯನ್ನು ಗೇಣಿನಲ್ಲಿ ತೆಗೆದುಕೊಂಡಳು. "ಚಪ್ಪಲಿ ಮಾಡ್ತೀನಿ. ಕಲೆ ಮ್ಯಾಲ ಹಾಕೂದುಲ್ಲ," ಎಂದಳು. ನಾನು ಅದನ್ನು ಮೆತ್ತಗೆ ಮಾಡದೆ ಹಾಗೆಯೇ ಹೇಳಿದೆ. ಹಿರಿಯರು ಜೋರಾಗಿ ನಕ್ಕರು. "ಸರಿ, ಅವರಿಷ್ಟ. ಆ ಪಟ್ಟಿ ನನ್ನ ಹತ್ತಿರವೇ ಇರಲಿ."

ಚಪ್ಪಲಿಯನ್ನು ಅವ್ವ ಊರಿಗೆ ಹೋಗುವ ಮೊದಲೇ ಮುಗಿಸಿದಳು. ಎಲ್ಲಿಯೂ ಒಂದು ಕಲೆ ಇರಲಿಲ್ಲ. ಗೆಳತಿ ಅದರ ವೇಣಿಯನ್ನು ಬಹಳ ಹೊತ್ತು ನೋಡಿ, ಇನ್ನುಮುಂದೆ ಕಲೆಯಿರುವ ಚೀಲಕ್ಕೂ ಇಲ್ಲದ್ದಕ್ಕೂ ಬೇರೆ ಬೇರೆ ತೊಗಲು ತರೋಣ ಎಂದಳು. ಹಾಗೇ ಮಾಡುತ್ತಿದ್ದೇವೆ. ಗೋದಾಮಿನಲ್ಲಿ ಬೆಳಕಿಗೆ ತೊಗಲು ಹಿಡಿದಾಗ ನಾನು ಈಗಲೂ ಗೊಂದಲಕ್ಕೆ ಬೀಳುತ್ತೇನೆ. ಚೆಂದವೆನಿಸುವ ಒಂದು ಗುರುತು ಕಂಡರೆ, ಇದನ್ನು ಚೆಂದವೆನ್ನುವ ಸಲಿಗೆ ನನಗೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳುತ್ತೇನೆ. ಅವ್ವ ಮುಚ್ಚಿಟ್ಟದ್ದರಿಂದಲೇ ಬಂತೇನೋ. ಖಚಿತವಾಗಿ ಹೇಳಲಾರೆ.

ಕುರ್ಚಿಗೆ ತಕ್ಕ ಇನ್ನೊಂದು ತೊಗಲು ಸಿಗಲು ಮಳೆಗಾಲ ಕಳೆಯಬೇಕಾಯಿತು. ಅದು ಅಷ್ಟು ಉದ್ದದ ಗುರುತಿನದ್ದಲ್ಲ. ಭುಜದ ಮೇಲೆ ಉಣ್ಣಿ ಕಚ್ಚಿದ ಚುಕ್ಕೆಗಳಿದ್ದವು, ಅಷ್ಟೇ. ಹಿರಿಯರು ಬೇಡವೆನ್ನಲಿಲ್ಲ. ನಾವಿಬ್ಬರೂ ಹೋಗಿ ಚೌಕಟ್ಟಿಗೆ ಬಿಗಿದುಕೊಟ್ಟೆವು. ಅವರು ಅವ್ವ ಮಾಡಿದ ಚಪ್ಪಲಿ ಬಿಟ್ಟು, ಮೆಲ್ಲಗೆ ಒರಗಿ, ಕೈಗಳನ್ನು ತೋಳಿನ ಹಲಗೆಯ ಮೇಲೆ ಚಾಚಿದರು. ತೊಗಲು ಒಂದು ಸಲ ಕಿರುಗುಟ್ಟಿ ಸುಮ್ಮನಾಯಿತು. ನಾವು ಚಹಾ ಮುಗಿಸುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಎಬ್ಬಿಸಲು ಮನಸ್ಸಾಗದೆ ಲೋಟ ತೊಳೆದಿಟ್ಟು, ಬಾಗಿಲು ಎಳೆದುಕೊಂಡು ಸ್ಟೇಷನ್ನಿಗೆ ಹೊರಟೆವು. ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತು ಅವ್ವನಿಗೆ ಫೋನು ಹಚ್ಚಿದೆ.

"ಏನಂದ್ರು?" ಎಂದಳು.

"ಏನೂ ಅನ್ನಲಿಲ್ಲ. ಕುಂತಲ್ಲೇ ನಿದ್ದಿ ಹೋದ್ರು."

"ಹಂಗಾರ ಹದಾ ಚಲೋ ಬಂದೈತಿ," ಎಂದಳು ಅವ್ವ.