ಇಬ್ಬರು ಹಿಡಿದ ಗೂಟ

ಮಾದಿಹಳ್ಳಿಯ ಹತ್ತಿರದ ನಮ್ಮ ಊರಿಗೆ ಆಗ ಕರೆಂಟು ಬಂದಿರಲಿಲ್ಲ. ಬೆಳಕಿಗೆ ಸೀಮೆಎಣ್ಣೆ ಬುಡ್ಡಿ, ನೀರಿಗೆ ಸೇದುವ ಬಾವಿ, ಹಿಟ್ಟಿಗೆ ನಮ್ಮದೇ ರಟ್ಟೆ. ಹಳೇಬೀಡಿನಲ್ಲಿ ಹಿಟ್ಟಿನ ಮಿಷನ್ನು ಬಂದಿದೆ ಎಂದು ಕೇಳಿದ್ದೆವು. ಅಪ್ಪ ಒಪ್ಪಲಿಲ್ಲ. "ಮಿಷನ್ ಹಿಟ್ಟು ಕಾದು ಬತ್ತದೆ, ಮುದ್ದೆ ಸಪ್ಪೆ" ಎನ್ನುತ್ತಿದ್ದರು. ಅವರು ತಿನ್ನುವವರು, ಬೀಸುವವರಲ್ಲ.

ಬೀಸುತ್ತಿದ್ದದ್ದು ಅಕ್ಕ ಮತ್ತು ನಾನು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳು ಅಷ್ಟೂ ಓದಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಅವ್ವ ಎಬ್ಬಿಸುತ್ತಿದ್ದಳು. ರಾಗಿಕಲ್ಲಿನ ಎದುರುಬದುರು ಕೂತು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಾಕಿ ತಿರುಗಿಸಬೇಕು. ಒಬ್ಬಳು ತಳ್ಳಿದಾಗ ಇನ್ನೊಬ್ಬಳು ಎಳೆಯಬೇಕು. ನಾನು ಎಳೆಯುತ್ತಿರಲಿಲ್ಲ. ಗೂಟದ ಮೇಲೆ ಕೈ ಇಟ್ಟು, ಅದು ಹೋದ ಕಡೆ ಕೈಯನ್ನು ಬಿಟ್ಟು, ಹಾಡು ಮಾತ್ರ ಜೋರಾಗಿ ಹೇಳುತ್ತಿದ್ದೆ. ಹಾಡು ಕೇಳಿಸಿದರೆ ಒಳಗಿದ್ದ ಅವ್ವನಿಗೆ ಸಮಾಧಾನ.

"ನಿದ್ದೆ ಹೊಡೀತಿದೀಯೇನೇ?" ಎನ್ನುತ್ತಿದ್ದಳು ಅಕ್ಕ.

"ಹೋಗಕ್ಕಾ, ರಟ್ಟೆ ಬಿದ್ದೋಗೈತೆ ನಂದು."

"ಬಾಯೊಂದು ಬಿದ್ದೋಗಿಲ್ಲ ನೋಡು" ಎಂದು ನಗುತ್ತಿದ್ದಳು.

ಒಂದು ಸುಗ್ಗಿ ಕಳೆದ ಮೇಲೆ ಅಕ್ಕನ ಬಲಭುಜ ನೋಯತೊಡಗಿತು. ಹರಳೆಣ್ಣೆ ತಿಕ್ಕಿದರು. ಇಬ್ಬರು ಬೀಸಿದರೂ ಇಷ್ಟು ಭಾರವೇ ಎಂದು ಅವ್ವನಿಗೆ ಕಲ್ಲಿನ ಮೇಲೆ ಅನುಮಾನ ಬಂತು. ಸವೆದುಹೋಗಿದೆ ಎಂದು, ಕಲ್ಲು ಕುಟ್ಟುವವನನ್ನು ಕರೆಸಿ ಉಳಿಯಿಂದ ಕುಟ್ಟಿಸಿದಳು. ಹೊಸದಾಗಿ ಕುಟ್ಟಿಸಿದ ಕಲ್ಲು ರಾಗಿಯನ್ನು ಕಚ್ಚಿ ಹಿಡಿಯಿತು, ಮೊದಲಿಗಿಂತ ಬಿಗಿ. ಅವತ್ತು ನಾನು ಬಾಯಿ ಬಿಡಬಹುದಿತ್ತು. ಬಿಟ್ಟರೆ ನಾಳೆಯಿಂದ ಎಳೆಯಬೇಕಲ್ಲ.

ಆ ವರ್ಷ ಬಾಣಾವರದಿಂದ ಅಕ್ಕನನ್ನು ನೋಡಲು ಬಂದರು. ಅವಳಿಗೆ ಆ ಸಂಬಂಧದ ಮೇಲೆ ತುಂಬ ಆಸೆಯಿತ್ತು. "ಅವರ ಬೀದೀಲೇ ಮಿಷನ್ನು ಐತಂತೆ ಕಣೇ" ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು. ಗಂಡಿನ ತಾಯಿ ಕಾಲು ತೊಳೆಯಲು ನೀರು ಕೇಳಿ, ಅಕ್ಕನ ಹಿಂದೆಯೇ ಬಾವಿಯವರೆಗೆ ನಡೆದರು. ಕೊಡ ಅರ್ಧ ಮೇಲೆ ಬಂದಾಗ ಅಕ್ಕನ ತೋಳು ನಡುಗಿ ಹಗ್ಗ ಜಾರಿತು.

"ಕೈಲಾಗದ ಹುಡುಗೀನ ಕಟ್ಕೊಂಡು ನಾವೇನ್ ಮಾಡಾನ, ನೀನೇ ಹೇಳವ್ವ" ಎಂದು ಅವ್ವನಿಗೆ ಹೇಳಿದರು. ಸಿಟ್ಟೇನೂ ಇರಲಿಲ್ಲ, ಎಲೆಗೆ ಸುಣ್ಣ ಹಚ್ಚುತ್ತಲೇ ಅಂದರು. ಮತ್ತೆ ಆ ಕಡೆಯಿಂದ ಯಾರೂ ಬರಲಿಲ್ಲ.

ಮಾರನೆಯ ಬೆಳಗ್ಗೆ ಅಕ್ಕ ಎಂದಿನಂತೆ ಬಂದು ಕಲ್ಲಿನ ಮುಂದೆ ಕೂತಳು. ನಾನು ಹಾಡಲಿಲ್ಲ. ಇದ್ದ ಬಲವನ್ನೆಲ್ಲ ಹಾಕಿ ಎಳೆದೆ. ಕಲ್ಲು ಗರಗರನೆ ಸುತ್ತಿತು. ಒಂದೆರಡು ಸುತ್ತಾದ ಮೇಲೆ ಅಕ್ಕ ಗೂಟದಿಂದ ಕೈ ತೆಗೆದು ನನ್ನನ್ನೇ ನೋಡಿದಳು.

"ಇಷ್ಟು ಹಗುರ ಐತೇನೇ ಇದು?" ಎಂದಳು.

ನಾನು ತಲೆ ಎತ್ತದೆ ಎಳೆಯುತ್ತಲೇ ಇದ್ದೆ. ಅವಳು ಎಡಗೈಯಿಂದ ಕಲ್ಲಿನ ಬಾಯಿಗೆ ರಾಗಿ ಹಾಕಿದಳು.