ಆಂಪ್ಲಿಫೈಯರ್‌ಗೆ ಹೊಡೆಯದ ಸಿಡಿಲು

ಎರಡು ವರ್ಷದ ಹಿಂದಿನ ಮಾತು. ನಾನಾಗ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ವಿಮಾ ಸರ್ವೇಯರ್ ಆಗಿದ್ದೆ. ಹಾಳಾದ ವಸ್ತುವನ್ನು ಕಣ್ಣಾರೆ ನೋಡಿ, ಕಾರಣ ಪತ್ತೆಹಚ್ಚಿ, ಪರಿಹಾರ ಕೊಡಬಹುದೇ ಎಂದು ಕಂಪನಿಗೆ ವರದಿ ಬರೆಯುವ ಕೆಲಸ. ಅನುಮಾನವೇ ನನ್ನ ಅನ್ನ. ಮನೆಯಲ್ಲಿ ಹಾಲು ಒಡೆದರೂ ಯಾರ ಕೈವಾಡ ಎಂದು ಕೇಳುತ್ತೀರಿ ಎಂದು ಹೆಂಡತಿ ಬೈಯುತ್ತಿದ್ದಳು.

ದಸರೆ ಮುಗಿದ ವಾರ ಕಿಣ್ಣಿ ಸುಲ್ತಾನದಿಂದ ಕ್ಲೇಮ್ ಬಂತು. ದೊಡ್ಡ ಒಕ್ಕಲುತನದ ಶಿವಶರಣಪ್ಪನವರ ಹಾಡು ಕೇಳುವ ವಿದೇಶಿ ಆಂಪ್ಲಿಫೈಯರ್ ಸಿಡಿಲಿಗೆ ಸುಟ್ಟಿದೆಯಂತೆ. ಅವರದು ‘ಆಲ್ ರಿಸ್ಕ್’ ಪಾಲಿಸಿ. ಆಕಸ್ಮಿಕವಾಗಿ ಹೇಗೇ ಹಾಳಾದರೂ ಅದೇ ಮಾದರಿಯ ಹೊಸದರ ಇವತ್ತಿನ ಬೆಲೆ ಸಿಗುತ್ತದೆ. ಡಾಲರ್ ಏರಿ, ತೆರಿಗೆ ಕೂಡಿ, ಆ ಬೆಲೆ ಕೊಂಡಾಗಿನದಕ್ಕಿಂತ ದುಪ್ಪಟ್ಟಾಗಿತ್ತು. ಹಳೆಯದು ಸುಟ್ಟರೆ ಲಾಭ ಯಾರಿಗೆ? ಏನೋ ಮಸಲತ್ತು ಇದೆ ಅನ್ನಿಸಿತು.

ಅವರ ಮನೆಗೆ ಹೋದೆ. ಅಂಗಳದ ಟ್ರ್ಯಾಕ್ಟರಿಗೆ ಒಣಗಿದ ಚೆಂಡುಹೂವಿನ ಮಾಲೆಯಿತ್ತು. ಒಳಗೆ ಟಿವಿ, ಫ್ರಿಜ್ ಎಲ್ಲ ಸುಸೂತ್ರ.

“ಸಿಡಿಲು ಆರಿಸಿ ಆರಿಸಿ ಹೊಡೀತದೇನ್ರಿ ಸಾವ್ಕಾರ್ರ?” ಎಂದೆ.

ಶಿವಶರಣಪ್ಪ ನೆಲ ನೋಡಿದರು. “ಹೊಡದದ್ರಿ. ಮತ್ತೇನ್ ಹೇಳ್ಲಿ?”

ಆಂಪ್ಲಿಫೈಯರ್‌ನ ಮುಚ್ಚಳ ಬಿಚ್ಚಿದೆ. ಸುಟ್ಟ ವಾಸನೆಯ ಜೊತೆ ಹುಳಿ ವಾಸನೆ. ಬೋರ್ಡೆಲ್ಲ ಅಂಟಂಟು, ಗಾಳಿಯಾಡುವ ಸಂದುಗಳಲ್ಲಿ ಕುಂಕುಮ, ಇರುವೆಗಳ ಸಾಲು. ಸಿಕ್ಕಿಬಿದ್ದೆಯಪ್ಪಾ ಎಂದು ಒಳಗೊಳಗೇ ಹಿಗ್ಗಿದೆ.

“ಇದು ತೆಂಗಿನಕಾಯಿ ನೀರು. ಸಿಡಿಲಿಗೆ ಕುಂಕುಮ ಹಚ್ಚಿದವರು ಯಾರ್ರಿ?”

ಅವರು ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದರು. “ಅವ್ವ ಹಾಕ್ಯಾಳ್ರಿ. ಇದರ ರೇಟು ಟ್ರ್ಯಾಕ್ಟರಿನ ಸರಿಗೆ ಬಂದದ ಅಂತ ನಾನೇ ಬಡಾಯಿ ಕೊಚ್ಚಿದ್ದೆ. ಹಂಗಾದ್ರ ಇದಕ್ಕೂ ಟ್ರ್ಯಾಕ್ಟರಿನಂಗ ಪೂಜಿ ಆಗ್ಲಿ ಅಂತ, ದಸರಿ ಆಯುಧಪೂಜಿ, ಖಂಡೇಪೂಜಿ ದಿನ ಕಾಯಿ ಒಡದು ಮ್ಯಾಲ ನೀರು ಹೊಯ್ದಾಳ. ಗೊತ್ತಿಲ್ದ ಸ್ವಿಚ್ ಹಾಕಿದವ ನಾ. ಅಕಿಗೆ ಸಿಡಿಲು ಅಂತ ಹೇಳೇನಿ.”

ಇದೂ ಆಕಸ್ಮಿಕವೇ, ನಿಜ ಬರೆದರೆ ಪರಿಹಾರ ಸಿಗುತ್ತದೆ, ಸಿಡಿಲೆಂಬ ಸುಳ್ಳಿಗೆ ಬಿಡಿಗಾಸೂ ಇಲ್ಲ ಎಂದು ತಿಳಿಸಿದೆ. ಆದರೆ ನಡೆದದ್ದನ್ನು ಬರೆದ ಹೇಳಿಕೆಗೆ ತಾಯಿಯ ಸಹಿ ಬೇಕು.

“ಹಂಗಾದ್ರ ಕ್ಲೇಮೇ ಬ್ಯಾಡ್ರಿ. ತನ್ನ ಕೈಲೇ ಮಗನ ವಸ್ತು ಹಾಳಾತಂತ ಅಕಿ ಊಟ ಬಿಡ್ತಾಳ.”

ಅಷ್ಟು ದುಡ್ಡು ಯಾರಾದರೂ ಬಿಡುತ್ತಾರೆಯೇ? ಇದೂ ಒಂದು ನಾಟಕವಿರಬಹುದೇ ಎಂದು ಅವರ ಮುಖವನ್ನೇ ನೋಡಿದೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಅವರ ತಾಯಿ ನೀಲಮ್ಮ, ಕೈಯಲ್ಲಿ ಚಹಾ.

“ಎಲ್ಲಿ ಸಹಿ ಮಾಡ್ಲಿ, ಸಾಹೇಬ್ರ? ಶಿವ್ಯಾ, ಅವತ್ತ ಮುಗಲಾಗ ಒಂದು ಮೋಡ ಇರಲಿಲ್ಲ, ಸಿಡಿಲಂತ ಸಿಡಿಲು! ನಿನಗ ಸಂಕಟ ಆಗ್ಬಾರ್ದಂತ ನಂಬಿದಂಗ ಮಾಡಿದ್ದೆ.”

ಶಿವಶರಣಪ್ಪ ತಾಯಿಯ ಕೈಯಿಂದ ಚಹಾ ತೆಗೆದುಕೊಂಡರು. ನಾನು ನೀಲಮ್ಮನಿಗೆ ಪೆನ್ನು ಕೊಟ್ಟೆ. ಸುಳ್ಳು ಕಂಡಾಗ ಲಾಭ ಯಾರಿಗೆ ಎಂದಷ್ಟೇ ಕೇಳುತ್ತಿದ್ದವನು, ಅಂದಿನಿಂದ ಯಾರ ನೋವು ತಪ್ಪಿಸಲು ಎಂದೂ ಕೇಳತೊಡಗಿದೆ.

ನಿಜವನ್ನೇ ಬರೆದೆ, ಪರಿಹಾರವೂ ಬಂತು. ಮುಂದಿನ ದಸರೆಗೆ ಫೋನ್ ಮಾಡಿದೆ, ಅನುಮಾನದ ಹುಟ್ಟುಗುಣ ಬಿಡುತ್ತದೆಯೇ? ಎತ್ತಿದವರು ನೀಲಮ್ಮ.

“ಪೂಜಿ ಆತ್ರಿ ಸಾಹೇಬ್ರ. ಹೊಸ ಪೆಟ್ಟಿಗಿಗೆ ಹೂವಷ್ಟೇ ಇಟ್ಟೇನಿ. ಮಗ ಬಾಜೂಕ ಕಾವಲು ನಿಂತಾನ.”